ಬೀಗತಿಯ ಸೆರಗು ಮತ್ತು ಒಂದು ಫ್ಯಾನು

ಇಳಕಲ್ ಸೀರೆಯ ಸೆರಗನ್ನು ಕುಚ್ಚಿನಿಂದ ಗೇಣು ಬಿಟ್ಟು ಹಿಡಿದು, ಕೈಯನ್ನು ತಲೆಯ ಮೇಲಕ್ಕೆತ್ತಿ, ಕಣ್ಣು ಕಿರಿದು ಮಾಡಿ ಫ್ಯಾನಿನ ಕೆಳಗೆ ನಿಲ್ಲುವುದು: ನನ್ನ ಬೀಗತಿ ಎಂದರೆ ಮೊದಲು ನೆನಪಾಗುವುದು ಈ ಭಂಗಿ. ಕುಳ್ಳಗಿನ ಹೆಂಗಸು. ಆದರೂ ಹಾಗೆ ನಿಂತಾಗ, ಫ್ಯಾನೇ ಆಕೆಗೆ ಹೆದರಿ ತಿರುಗುತ್ತಿದೆ ಅನ್ನಿಸುತ್ತಿತ್ತು.

ಆಕೆ ನನ್ನ ಮಗಳ ಅತ್ತೆ, ಲಿಂಗಸುಗೂರಿನವರು. ಮಗಳಿಗೆ ದಿನ ತುಂಬುವುದು ಸುಡು ಬೇಸಿಗೆಯಲ್ಲಿ ಎಂದು ಡಾಕ್ಟರು ಹೇಳಿದ ಕೂಡಲೇ ಎರಡೂ ಮನೆಗಳಲ್ಲಿ ಚಿಂತೆ ಹತ್ತಿತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂಬುದು ನಮ್ಮ ಕಡೆಯ ಪದ್ಧತಿ. ಆದರೆ ಸಿಂಧನೂರಿನ ನಮ್ಮ ಮನೆಯ ಆರ್‌ಸಿಸಿ ಛಾವಣಿ ಬೇಸಿಗೆಯಲ್ಲಿ ರೊಟ್ಟಿಯ ಹಂಚಿನ ಕರ್ತವ್ಯವನ್ನು ನಿಷ್ಠೆಯಿಂದ ನಿರ್ವಹಿಸುತ್ತದೆ. ಬೀಗರದು ಹಳೆಯ ಕಲ್ಲಿನ ಮನೆ, ತಂಪು. ಬಾಣಂತನ ತಮ್ಮಲ್ಲೇ ಆಗಲಿ ಎಂದು ಅಳಿಯ ಗೊಣಗಿದ್ದ. ಕೂಸಿಗೆಂದು ಕೌದಿ ಹೊಲಿಯುತ್ತಿದ್ದ ನನ್ನ ಹೆಂಡತಿ ಅದನ್ನು ಕೇಳಿ ಸೂಜಿ ಬದಿಗಿಟ್ಟು ಅತ್ತಳು.

ಪರಿಸ್ಥಿತಿಯ ಖುದ್ದು ಪರಿಶೀಲನೆಗೆ ಬೀಗತಿ ಬಸ್ಸು ಹತ್ತಿ ಬಂದರು. ನಡುಮನೆಯಲ್ಲಿ ಕೂತರು, ಗೋಡೆಗೆ ಅಂಗೈ ಒತ್ತಿದರು, ತೆಗೆದರು.

"ಬೀಗರ, ಸೊಸಿನ ಕಳಸಾಕ ನಂದೇನ್ ತಕರಾರಿಲ್ರಿ. ತಕರಾರು ಈ ಗ್ವಾಡಿದೈತಿ."

"ಎಸಿ ಹಾಕಸ್ತೀನ್ರೀ," ಎಂದೆ, ಎದೆಯುಬ್ಬಿಸಿ.

"ಹಾಕಸ್ರಿ. ಕರೆಂಟ್ ಹೋದಾಗ ಅದನ್ನ ಬಿಚ್ಚಿ, ಬೀಸಣಕಿ ಮಾಡ್ಕೊಂಡು ಬೀಸ್ರಿ."

ಎದೆ ಸ್ವಸ್ಥಾನಕ್ಕೆ ಮರಳಿತು. ಅಷ್ಟರಲ್ಲಿ ಹೆಂಡತಿ ಇನ್ನೊಂದು ಕಡೆಯಿಂದ ಬಂದಳು: "ಬಾಣಂತಿಗೆ ಗಾಳಿ ಬಡಿಬಾರ್ದ್ರೀ ಅಕ್ಕಾರ. ಎಸಿನೂ ಬ್ಯಾಡ, ಫ್ಯಾನೂ ಬ್ಯಾಡ. ಕಿವಿಗೆ ಅರಿವಿ ಕಟ್ಟಿ ಬಾಗಲಾ ಹಾಕ್ತೀನಿ."

"ಹಂಗಾರ ಕೂಸಿನ್ನ ಕುದಿಸಿದ ಗೆಣಸು ಮಾಡಿ ಕೊಡ್ತೀ, ಹೌದಿಲ್ಲೊ? ಏಳವಾ, ಪ್ಯಾಟಿಗೆ ಹೋಗೂಣು."

ಪೇಟೆಯ ಅಂಗಡಿಯವ ಉತ್ಸಾಹದಿಂದ ಒಂದು ಫ್ಯಾನನ್ನು ಭರಾಟೆಯಲ್ಲಿ ತಿರುಗಿಸಿದ. ಕ್ಯಾಲೆಂಡರು ಗೋಡೆ ಬಿಟ್ಟೆದ್ದಿತು.

"ಇದಕ್ಕ ಐದು ಸ್ಟಾರ್ ಅದಾವ್ರೀ ಅಮ್ಮಾರ!"

"ಅವನ್ನ ಮಾಳಿಗಿ ಮ್ಯಾಲ ಮಕ್ಕೊಂಡು ನೋಡ್ತೀನಪಾ. ಜೋರು ಗಾಳಿ ಎಲ್ಲಾರೂ ತೋರಸ್ತಾರ. ನನಗ ಭಾಳ ಸಣ್ಣಗ ತಿರಗೋದು ತೋರಸು."

ಫ್ಯಾನ್ ಕೊಳ್ಳಲು ಬಂದವರು ಗಾಳಿ ಕಮ್ಮಿ ಕೇಳಿದ್ದು ಅವನ ವೃತ್ತಿಜೀವನದಲ್ಲಿ ಅದೇ ಮೊದಲಿರಬೇಕು. ಒಂದೊಂದೇ ಫ್ಯಾನ್ ಸಣ್ಣಗೆ ಹಚ್ಚಿದ. ಒಂದೊಂದರ ಕೆಳಗೂ ಸೆರಗು ಎದ್ದಿತು. ಕೆಲವು ಗುಂಯ್‌ಗುಟ್ಟಿದವು, ಕೆಲವು ನಿಂತೇ ಬಿಟ್ಟವು. ಕೊನೆಗೆ, ಹಳೆಯದರ ಅರ್ಧದಷ್ಟೂ ಕರೆಂಟು ತಿನ್ನದ, ರಿಮೋಟಿನ ಹೊಸ ತರದ ಫ್ಯಾನಿಗೆ ಬಂದೆವು. ಒಂದನೇ ನಂಬರಿನಲ್ಲಿ ಅದು ಸದ್ದಿಲ್ಲದೆ ತಿರುಗಿತು.

"ಈಗ ಮೇನ್ ಬಂದ್ ಮಾಡು."

"ಅಂಗಡಿ ಮೇನ್ ಏನ್ರೀ?"

"ನಮ್ಮೂರಿಂದು ಅಲ್ಲಪಾ, ನಿಂದ. ಇನ್ವರ್ಟರ್ ಮ್ಯಾಲ ನೋಡೂಣು."

ಅಂಗಡಿ ಕತ್ತಲಾಯಿತು. ಗಿರಾಕಿಗಳು ಗೊಣಗಿದರು. ಫ್ಯಾನು ಮಾತ್ರ ತನಗೇನೂ ತಿಳಿದಿಲ್ಲವೆಂಬಂತೆ ತಿರುಗುತ್ತಲೇ ಇತ್ತು. ಬೀಗತಿ ನನ್ನ ಹೆಂಡತಿಯ ಕೈ ಹಿಡಿದು ಅದರ ಕೆಳಗೆ ನಿಲ್ಲಿಸಿದರು.

"ನಿನ್ನ ಸೆರಗ ಹಿಡಿಯವಾ. ಕುಚ್ಚು ಅಲಗ್ಯಾಡಬೇಕು, ಸೆರಗು ಏಳಬಾರ್ದು. ಅದು ಬಾಣಂತಿ ಗಾಳಿ."

ಹೆಂಡತಿ ಬಹಳ ಹೊತ್ತು ಸೆರಗು ಹಿಡಿದೇ ನಿಂತಿದ್ದಳು. ಆಮೇಲೆ, "ಇಷ್ಟಾದ್ರ ನಡಿತೈತ್ರೀ ಅಕ್ಕಾರ," ಅಂದಳು. ಎಸಿಯ ಯೋಜನೆ ಅಲ್ಲೇ ದಿವಂಗತವಾಯಿತು. ಫ್ಯಾನಿನ ಹಿಂದೆಯೇ ಮಗಳೂ ತವರಿಗೆ ಬಂದಳು.

ಮೊಮ್ಮಗಳು ಹುಟ್ಟಿ ಮನೆಗೆ ಬಂದ ವಾರವೇ ಒಂದು ಮಧ್ಯಾಹ್ನ ಕರೆಂಟು ಹೋದದ್ದು ದೀಪ ಹಚ್ಚುವ ಹೊತ್ತಿಗೆ ಬಂತು. ಹಿಂದೆಲ್ಲ ನಮ್ಮ ಇನ್ವರ್ಟರ್ ಚಹಾ ಕುಡಿಯುವಷ್ಟರಲ್ಲಿ ಕೈ ಎತ್ತುತ್ತಿತ್ತು. ಅಂದು ಬಾಣಂತಿಕೋಣೆಯ ಫ್ಯಾನು ನಿಲ್ಲಲಿಲ್ಲ. ಕಿವಿಗೆ ಅರಿವೆ ಕಟ್ಟಿಕೊಂಡೇ ಮಗಳು ನಿದ್ದೆ ಹೋದಳು, ಮಗ್ಗುಲಲ್ಲಿ ಕೂಸು. ಹೆಂಡತಿ ಬಾಗಿಲಲ್ಲಿ ನಿಂತು ತನ್ನ ಸೆರಗೆತ್ತಿ ಆಗಾಗ ತಪಾಸಣೆ ಮಾಡುತ್ತಿದ್ದಳು. ನಾನು ಹೊರಗೆ ಬೆವರುತ್ತಾ, ಲಿಂಗಸುಗೂರಿನ ದಿಕ್ಕಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ತಾಯಿ-ಮಗುವನ್ನು ಕಳಿಸಿಕೊಡುವಾಗ ತೊಟ್ಟಿಲು ಎಂಥದು ಬೇಕೆಂದು ಬೀಗತಿಯನ್ನು ಕೇಳಿದೆವು. "ಎಂಥದರ ಇರ್ಲಿ, ಅದರಾಗ ಆ ಫ್ಯಾನಿನ ಜೋಡಿದೊಂದು ಹಾಕಿ ಕಳಸ್ರಿ ಬೀಗರ," ಅಂದರು. ಹೀಗಾಗಿ ಮಸ್ಕಿ ದಾಟುವಾಗ ಟೆಂಪೋದ ತೊಟ್ಟಿಲಲ್ಲಿ ಹೊಸ ಫ್ಯಾನು ಕೌದಿ ಹೊದ್ದು ಮಲಗಿತ್ತು. ಕೂಸು ನನ್ನ ತೊಡೆಯ ಮೇಲೆ ಈ ಅನ್ಯಾಯಕ್ಕೆ ಅಳುತ್ತಿತ್ತು.

ಮುಂದೆ ನಮ್ಮ ಮನೆಗೆ ಫ್ರಿಜ್ ಆರಿಸುವಾಗಲೂ ಅವರನ್ನೇ ಕರೆದೆ. ನಾನು ಎರಡು ಬಾಗಿಲಿನ ದೊಡ್ಡದನ್ನು ಸವರುತ್ತಿದ್ದುದನ್ನು ಕಂಡು, "ಇರೋರು ಇಬ್ಬರು. ಖಾಲಿ ಕ್ವಾಣಿ ತಂಪು ಮಾಡಾಕ ಯಾಕ ಕರೆಂಟ್ ಸುಡ್ತೀರಿ?" ಅಂದರು. ಸಣ್ಣದೇ ಬಂತು. ಅದರಲ್ಲಿ ಜಾಗ ಸಾಲದೆಂದು ಇದುವರೆಗೆ ಅನ್ನಿಸಿಲ್ಲ.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ನಾವು ಹೋದಾಗ ಆ ಕಲ್ಲಿನ ಮನೆಯ ತುಂಬ ಮಂದಿ. ಮುದಗಲ್ಲಿನಿಂದ ಬಂದ ನೆಂಟರು ಯಾರೋ ಸೆಕೆಯೆಂದು, ತೊಟ್ಟಿಲಲ್ಲಿ ಬಂದಿದ್ದ ಆ ಫ್ಯಾನನ್ನು ಜೋರು ಮಾಡಿದರು. ಮಲಗಿಸಿದ್ದ ಬೀಗತಿಯ ಸೆರಗು ಪಟಪಟ ಎದ್ದಿತು. ಅಳುತ್ತಿದ್ದ ಮಗಳು ಕಣ್ಣೊರೆಸಿಕೊಂಡು ಗೂಡಿನಲ್ಲಿದ್ದ ರಿಮೋಟು ತಗೊಂಡು ಒಂದಕ್ಕೆ ಇಳಿಸಿದಳು.

"ಅತ್ತಿಯವರಿಗೆ ಇಷ್ಟು ಸಾಕು," ಅಂದಳು.

ಸೆರಗು ಮೆಲ್ಲಗೆ ಇಳಿದು ಕೂತಿತು. ಕುಚ್ಚು ಮಾತ್ರ ಅಲುಗಾಡುತ್ತಿತ್ತು.