ದ್ವಾರಕನಾಥರ ಬಿಗಿ ಕೈ

ಜರ್ಮನಿಯ ಡಾರ್ಮ್‌ಸ್ಟಾಟಿನ ದ್ವಾರಕನಾಥರು ಮೈಸೂರಿನ ಸಂಜೆ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸಿದ್ದು ಆರೇ ವರ್ಷ. ಕಲಿಸುತ್ತಿದ್ದೆ ಎಂದು ಹೇಳಿಕೊಂಡು ತಿರುಗಿದ್ದು ಆಮೇಲಿನ ಮೂವತ್ತು ವರ್ಷ. ಈ ಲೆಕ್ಕವನ್ನು ಅವರೇ ಎಲ್ಲರಿಗೂ ಹೇಳಿ ನಗುತ್ತಿದ್ದರು. ಬೇರೆಯವರು ಹೇಳುವ ಮೊದಲೇ ತಾವೇ ಹೇಳಿಬಿಟ್ಟರೆ ಪೆಟ್ಟು ಸಣ್ಣದಾಗುತ್ತದೆ ಎಂಬುದು ಅವರು ಸ್ವಂತವಾಗಿ ಕಂಡುಹಿಡಿದ ಏಕೈಕ ಆರ್ಥಿಕ ಸಿದ್ಧಾಂತ.

ಹೆಂಡತಿ ಜಲಜಮ್ಮನಿಗೆ ಈ ಊರಿನ ಉಪಗ್ರಹ ನಿಯಂತ್ರಣ ಕೇಂದ್ರದಲ್ಲಿ ಕೆಲಸ ಸಿಕ್ಕಿದಾಗ ಅವರು ಕಾಲೇಜು ಬಿಟ್ಟು ಆಕೆಯ ಹಿಂದೆ ಬಂದರು. ಆಕೆ ಉಪಗ್ರಹಗಳ ದಾರಿ ತಿದ್ದುತ್ತಿದ್ದಾಗ ಇವರು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕ ತುಂಬಿದ ಕೈಗಾಡಿ ತಳ್ಳಿದರು. ನಿವೃತ್ತಿಯಾದ ದಿನ ಆ ಗಾಡಿಯೂ ಕೈತಪ್ಪಿತು. ಆಮೇಲೆ ಮನೆಯಲ್ಲಿ ಅವರನ್ನು ಯಾರೂ ಏನನ್ನೂ ಕೇಳದ ಕಾಲ ಬಂತು. ಯಾವ ಬಣ್ಣದ ಕಸದ ಡಬ್ಬಿಯನ್ನು ಯಾವ ದಿನ ಹೊರಗಿಡಬೇಕು ಎಂಬುದು ಕೂಡ ಜಲಜಮ್ಮನಿಗೇ ಗೊತ್ತಿತ್ತು. ಮಳೆ ಹಿಡಿದ ಒಂದು ಮಧ್ಯಾಹ್ನ ಟೆಲಿಫೋನಿನಲ್ಲಿ ಯಾರೋ ತಪ್ಪು ನಂಬರಿಗೆ ಕರೆ ಮಾಡಿದಾಗ ಆತನ ಜೊತೆ ಬಹಳ ಹೊತ್ತು ಮಾತಾಡಿದೆನೆಂದು ತಾವೇ ಹೇಳಿಕೊಂಡು ನಕ್ಕರು. ಜಲಜಮ್ಮ ನಗಲಿಲ್ಲ.

ಮಗಳು ರಚನಾ ತಂದೆಯನ್ನು ಒಂದು ಕಿಟಕಿಯಲ್ಲಿ ನಿಲ್ಲಿಸಿದ್ದು ಆಗಲೇ.

ಅದು ಟ್ರಕ್ಕಿನ ಕಿಟಕಿ. ರಚನಾ ಇದೇ ಊರಿನಲ್ಲಿ ಹುಟ್ಟಿ ಬೆಳೆದವಳು. ಐಟಿ ಕಂಪನಿಯ ಕೆಲಸ ಬಿಟ್ಟು, ಅರ್ಲ್ ಎಂಬ ಮುದುಕನ ಜೊತೆ ಸೇರಿ ಅಮೆರಿಕನ್ ಬಾರ್ಬೆಕ್ಯೂ ಮಾರಲು ಹೊರಟಿದ್ದಳು. ಅರ್ಲ್ ಟೆಕ್ಸಾಸಿನವನು, ಇಲ್ಲಿದ್ದ ಅಮೆರಿಕನ್ ಸೈನ್ಯದಲ್ಲಿ ಅಡುಗೆಯವನಾಗಿದ್ದವನು. ಸೈನ್ಯ ಊರು ಬಿಟ್ಟಿತು, ಅವನು ಬಿಡಲಿಲ್ಲ. ಹಳೆಯ ಬ್ಯಾರಕ್ಕುಗಳ ಜಾಗದಲ್ಲಿ ಎದ್ದ ಹೊಸ ಬಡಾವಣೆಯ ಚೌಕದಲ್ಲಿ, ಟ್ರಾಮ್ ನಿಲ್ದಾಣದ ಪಕ್ಕ, ಶನಿವಾರ ಶನಿವಾರ ಅವರ ಟ್ರಕ್ ನಿಲ್ಲುತ್ತಿತ್ತು. ಅರ್ಲ್‌ನ ಮಂಡಿಗಳು ಸವೆದಿದ್ದವು. ಮಾಂಸ ಬೇಯಿಸುವ ತನ್ನ ಕಬ್ಬಿಣದ ಹೊಗೆಗೂಡನ್ನು ರಚನಾಳಿಗೆ ಒಪ್ಪಿಸಿ ಕೂರುವುದು ಅವನ ಆಸೆ. ಆದರೆ ತನ್ನ ಊರಿನ ಪದ್ಧತಿ ಕೆಡದಂತೆ ನಡೆಸಿದರೆ ಮಾತ್ರ.

ಆ ಪದ್ಧತಿಯನ್ನು ಅವನು ದ್ವಾರಕನಾಥರಿಗೆ ಮೊದಲ ದಿನವೇ ಹೇಳಿದ್ದ. ದನದ ಎದೆ ಮಾಂಸವನ್ನು ಸಣ್ಣ ಉರಿಯ ಕಟ್ಟಿಗೆ ಹೊಗೆಯಲ್ಲಿ ಅದರ ಪಾಡಿಗೆ ಅದು ಬೇಯುವವರೆಗೆ ಬಿಡಬೇಕು, ಅವಸರಪಡಿಸಬಾರದು. ಕಾಗದದ ಮೇಲೆ ತೂಗಿ ಕೊಡಬೇಕು. ಇದ್ದಷ್ಟು ಹೊತ್ತು ಮಾರಬೇಕು, ಮುಗಿದ ಕೂಡಲೇ ಬಾಗಿಲು ಹಾಕಬೇಕು.

"ಮುಗೀಲಿಲ್ಲ ಅಂದ್ರೆ ನಾವು ಚೆನ್ನಾಗಿ ಮಾಡಿಲ್ಲ ಅಂತ, ಪ್ರೊಫೆಸರ್. ನಮ್ಮೂರಲ್ಲಿ ಮಧ್ಯಾಹ್ನಕ್ಕೇ ಬಾಗಿಲು ಹಾಕೋದು ದೊಡ್ಡಸ್ತಿಕೆ," ಎಂದಿದ್ದ ಅರ್ಲ್. ಅವನು ಅವರನ್ನು ಪ್ರೊಫೆಸರ್ ಎಂದೇ ಕರೆಯುತ್ತಿದ್ದ. ಇವರು ತಿದ್ದಲಿಲ್ಲ.

ಮಾಂಸ ಹೆಚ್ಚುವುದು ಅರ್ಲ್. ತಟ್ಟೆಗೆ ಹಾಕಿ ಕೊಡುವುದು ದ್ವಾರಕನಾಥರು. ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟದವರು ಈ ಕೆಲಸಕ್ಕೆ ಒಪ್ಪಿದ್ದು ಹೇಗೆಂದು ಜಲಜಮ್ಮ ಕೇಳಿದ್ದುಂಟು.

"ಏನು ಬಡಿಸ್ತಿದೀರಿ ಅಂತ ಗೊತ್ತಿದೆ ತಾನೇ ರೀ?"

"ನಾನೆಲ್ಲಿ ಮುಟ್ಟಿದೆ? ಇಕ್ಕಳ ಮುಟ್ಟುತ್ತೆ. ಬ್ಯಾಂಕಿನ ಕ್ಯಾಷಿಯರ್ ಎಣಿಸೋ ದುಡ್ಡೆಲ್ಲ ಅವನದೇನು?"

"ಮೈಸೂರಿಗೆ ಫೋನ್ ಮಾಡಿದಾಗ ನಿಮ್ಮಣ್ಣನಿಗೂ ಇದನ್ನೇ ಹೇಳಿ ನೋಡೋಣ."

ಅಣ್ಣನಿಗೆ ಅವರು 'ಮಗಳ ಕೇಟರಿಂಗ್‌ನಲ್ಲಿ ಮೇಲ್ವಿಚಾರಣೆ' ಎಂದು ಹೇಳಿದ್ದರು.

ನಿಜ ಏನೆಂದರೆ ಅವರಿಗೆ ಆ ಕಿಟಕಿ ಬೇಕಾಗಿತ್ತು. ಅಲ್ಲಿ ನಿಂತರೆ ಜನ ಅವರನ್ನು ಕೇಳುತ್ತಿದ್ದರು: ಯಾವುದು ಮೆತ್ತಗಿದೆ, ಯಾವುದರಲ್ಲಿ ಕೊಬ್ಬು ಕಡಿಮೆ, ಖಾರದ ಸಾಸ್ ಎಷ್ಟು ಖಾರ. ಒಂದಕ್ಕೂ ಅವರಿಗೆ ಸ್ವಾನುಭವದ ಉತ್ತರ ಗೊತ್ತಿರಲಿಲ್ಲ. ಅರ್ಥಶಾಸ್ತ್ರದ ಮೇಷ್ಟರಾಗಿದ್ದಾಗಲೂ ಪರಿಸ್ಥಿತಿ ಹೀಗೇ ಇದ್ದುದರಿಂದ ಅವರು ಧೈರ್ಯವಾಗಿ ಉತ್ತರಿಸುತ್ತಿದ್ದರು.

ತೊಂದರೆ ಬಂದದ್ದು ಅವರಿಗೆ ನಿಜವಾಗಿ ಬರುತ್ತಿದ್ದ ಒಂದೇ ವಿದ್ಯೆಯಿಂದ.

ದ್ವಾರಕನಾಥರು ಹುಡುಗರಾಗಿದ್ದಾಗ ಬಂಧುಗಳ ಮದುವೆಗಳಲ್ಲಿ ಬಡಿಸುವುದರಲ್ಲಿ ಹೆಸರು ಮಾಡಿದ್ದರು. ಪಾಯಸದ ಪಾತ್ರೆ ಅವರ ಕೈಗೇ ಬರುತ್ತಿತ್ತು. ಪಾತ್ರೆಯೊಳಗೊಮ್ಮೆ ನೋಡುವುದು, ಪಂಕ್ತಿಯ ಕೊನೆಯ ಎಲೆಯ ಕಡೆಗೊಮ್ಮೆ ನೋಡುವುದು, ಆಮೇಲೆ ಸೌಟು ತಾನಾಗಿ ತನ್ನ ಅಳತೆ ಕಂಡುಕೊಳ್ಳುತ್ತಿತ್ತು. ಮೊದಲ ಎಲೆಗೆ ಧಾರಾಳವಾಗಿ ಬಿದ್ದದ್ದು ನಡುವಿನ ಎಲೆಗೆ ಬರುವಾಗ ಯಾರ ಕಣ್ಣಿಗೂ ಬೀಳದಂತೆ ಇಳಿದು, ಕೊನೆಯ ಎಲೆಗೂ ಇಷ್ಟು ಸಿಕ್ಕೇ ಸಿಗುತ್ತಿತ್ತು. ಪಾತ್ರೆಯ ತಳದಲ್ಲಿ ತಡವಾಗಿ ಬರುವವರಿಗೆಂದು ಇನ್ನೊಂದು ಸೌಟು ಉಳಿದಿರುತ್ತಿತ್ತು. ಇದು ಅವರ ತಾಯಿ ಸುಶೀಲಮ್ಮ ಕಲಿಸಿದ್ದು. ಆಕೆಯ ಅಡುಗೆಮನೆಯಲ್ಲಿ 'ಮುಗಿಯಿತು' ಎಂಬ ಮಾತನ್ನು ಆಡುವಂತಿರಲಿಲ್ಲ. ಅಕ್ಕಿಯ ಡಬ್ಬ ಬರಿದಾದರೆ 'ಅಕ್ಕಿ ಹೆಚ್ಚಾಗಿದೆ' ಎನ್ನಬೇಕಿತ್ತು. ಸಂಜೆ ಕಾಲೇಜಿನಲ್ಲಿ ದ್ವಾರಕನಾಥರು ಅಭಾವ, ಬೇಡಿಕೆ, ಪೂರೈಕೆ ಎಂದು ಕರಿಹಲಗೆಯ ತುಂಬ ಗೆರೆ ಎಳೆದು ಮನೆಗೆ ಬಂದು, 'ಅಮ್ಮಾ, ಕಾಫಿಪುಡಿ ಹೆಚ್ಚಾಗಿದೆ' ಎನ್ನುತ್ತಿದ್ದರು.

ಟ್ರಕ್ಕಿನ ಕಿಟಕಿಯಿಂದ ಅವರಿಗೆ ಎರಡೂ ಕಾಣುತ್ತಿದ್ದವು: ಈ ಕಡೆ ಮಾಂಸದ ಟ್ರೇ, ಆ ಕಡೆ ಸಾಲಿನ ಕೊನೆ. ಇನ್ನು ಹೇಳುವುದೇನಿದೆ? ಸಾಲು ಬೆಳೆದಂತೆಲ್ಲ ಇಕ್ಕಳ ಬಿಗಿಯಾಯಿತು. ಬೆಲೆಪಟ್ಟಿಯ ಹಲಗೆಯ ಮೇಲೆ ಬರೆದ ತೂಕ ಒಂದು, ತಟ್ಟೆಗೆ ಬಿದ್ದದ್ದು ಇನ್ನೊಂದು. ಕೊರತೆಯನ್ನು ಅವರು ಎಲೆಕೋಸಿನ ಪಲ್ಯದಂಥದನ್ನು ಎತ್ತರಕ್ಕೆ ಪೇರಿಸಿ ಮುಚ್ಚುತ್ತಿದ್ದರು. ತಕ್ಕಡಿಯಂತೂ ಒರೆಸುವ ಬಟ್ಟೆಯ ಕೆಳಗೆ ತಣ್ಣಗೆ ಮಲಗಿತ್ತು. "ಕಣ್ಣಳತೆ ಬೇಗ ಆಗುತ್ತೆ," ಎಂದು ರಚನಾಳಿಗೆ ಹೇಳಿದ್ದರು. ಸಂಜೆಯವರೆಗೆ ಯಾರೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. 'ಔಸ್‌ಫೆರ್‌ಕೌಫ್ಟ್', ಅಂದರೆ ಎಲ್ಲ ಮಾರಾಟವಾಗಿದೆ, ಎಂದು ಅರ್ಲ್ ಅಕ್ಕರೆಯಿಂದ ಬರೆಸಿದ್ದ ಹಲಗೆ ಒಂದು ದಿನವೂ ಹೊರಬರಲಿಲ್ಲ.

"ನನ್ನ ಕೈಗುಣ," ಎಂದು ದ್ವಾರಕನಾಥರು ಒಳಗೊಳಗೇ ಹಿಗ್ಗುತ್ತಿದ್ದರು. ಅರ್ಲ್ ಮಾತ್ರ ತನ್ನ ಹೊಗೆಯಲ್ಲಿ ಏನೋ ಕೆಟ್ಟಿದೆಯೆಂದು ತಿಳಿದು ಕಟ್ಟಿಗೆ ಬದಲಿಸಿ ನೋಡುತ್ತಿದ್ದ.

ಆ ಬಡಾವಣೆಯಲ್ಲಿ ಫ್ರಾವ್ ಕೆಸ್ಲರ್, ನಮ್ಮ ಲೆಕ್ಕದಲ್ಲಿ ಶ್ರೀಮತಿ ಕೆಸ್ಲರ್, ಎಂಬ ಹೆಂಗಸು ಇದ್ದಳು. ಔಷಧದಂಗಡಿ ನಡೆಸಿ ನಿವೃತ್ತಳಾದವಳು. ಪ್ರತಿ ಶನಿವಾರ ಬರುತ್ತಿದ್ದಳು. ದ್ವಾರಕನಾಥರ ಹೆಸರನ್ನು ಒಂದು ಅಕ್ಷರವನ್ನೂ ನುಂಗದೆ ಹೇಳುವ ಏಕೈಕ ಗಿರಾಕಿ. ಒಂದು ಶನಿವಾರ ಆಕೆ ತಟ್ಟೆ ತೆಗೆದುಕೊಂಡವಳು ಅಲ್ಲಿಂದ ಕದಲಲಿಲ್ಲ. ಕೈಚೀಲದಿಂದ ಚಪ್ಪಟೆಯಾದ ಸಣ್ಣ ತಕ್ಕಡಿಯೊಂದನ್ನು ತೆಗೆದು ಕಟ್ಟೆಯ ಮೇಲಿಟ್ಟಳು. ಎಲೆಕೋಸನ್ನು ಪಕ್ಕಕ್ಕೆ ಸರಿಸಿ, ಮಾಂಸವನ್ನಷ್ಟೇ ಕಾಗದದ ಮೇಲೆ ಇಟ್ಟು ತೂಗಿದಳು.

"ಹೆರ್ ದ್ವಾರಕನಾಥ್," ಎಂದಳು, ಧ್ವನಿ ಏರಿಸದೆ. "ಹಲಗೆ ನೋಡಿ. ಇದನ್ನು ನೋಡಿ. ಕಳೆದ ವಾರ ಮನೆಯಲ್ಲಿ ತೂಗಿದಾಗಲೂ ಹೀಗೇ ಇತ್ತು. ತಕ್ಕಡಿ ಕೆಟ್ಟಿರಬಹುದು ಅಂತ ಹೊಸದು ತಂದೆ."

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಅರ್ಲ್ ಹೆಚ್ಚುವ ಚೂರಿ ಕೆಳಗಿಟ್ಟು ಕುಂಟುತ್ತ ಬಂದು ತಕ್ಕಡಿಯತ್ತ ನೋಡಿದ, ಆಮೇಲೆ ಇವರ ಮುಖ ನೋಡಿದ.

"ಪ್ರೊಫೆಸರ್, ನೀವು ಇವರಿಗೆ ಕಡಿಮೆ ಕೊಟ್ರಾ?"

"ಕಡಿಮೆ ಅಲ್ಲ. ಹಿಂದೆ ಇರೋರಿಗೂ ಸಿಗಲಿ ಅಂತ..."

"ಹಿಂದೆ ಇರೋರು ಬೇಗ ಬರಬೇಕಿತ್ತು!"

ದ್ವಾರಕನಾಥರ ತಿಳಿವಳಿಕೆಯಲ್ಲಿ ತಡವಾಗಿ ಬರುವುದು ತಪ್ಪೇ ಅಲ್ಲ. ಅವರ ಬಂಧುಬಳಗದಲ್ಲಿ ಅರ್ಧ ಜನ ಬದುಕಿದ್ದೇ ಹಾಗೆ. ಅರ್ಲ್ ಫ್ರಾವ್ ಕೆಸ್ಲರಳ ತಟ್ಟೆಗೆ ಸರಿಯಾಗಿ ತೂಗಿ ಹಾಕಿದ. ರಚನಾ ಬಂದು ತಂದೆಯ ಕೈಯಿಂದ ಇಕ್ಕಳ ತೆಗೆದುಕೊಂಡಳು. ಬಿಟ್ಟುಕೊಡಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆ ದಿನ ಉಳಿದ ಹೊತ್ತೆಲ್ಲ ಅವರು ಟ್ರಕ್ಕಿನ ಹಿಂದೆ ಕಟ್ಟಿಗೆ ಪೇರಿಸುತ್ತ ಕಳೆದರು. ಕಟ್ಟಿಗೆ ಅವರನ್ನು ಏನೂ ಕೇಳಲಿಲ್ಲ.

ಮರುದಿನ ಊಟದ ಮೇಜಿನ ಹತ್ತಿರ ವಿಚಾರಣೆ ನಡೆಯಿತು.

"ಅಪ್ಪಾ, ಅರ್ಲ್ ಹೇಳಿದಾನೆ, ನೀವು ಕಿಟಕಿಗೆ ಬರ್ಬಾರ್ದು ಅಂತ. ನಾನು ನೋ ಅಂದ್ರೆ ಹೊಗೆಗೂಡು ಕೊಡಲ್ವಂತೆ," ಎಂದಳು ರಚನಾ. "ಇದು ಶಾದಿಮಹಲ್ ಅಲ್ಲಪ್ಪ. ಯಾರಾದ್ರೂ ಊರಿನ ಓರ್ಡ್ನುಂಗ್ಸ್‌ಆಮ್ಟ್ ಆಫೀಸಿಗೆ ಕಂಪ್ಲೇಂಟ್ ಕೊಟ್ರೆ ಜಾಗಾನೇ ಹೋಗುತ್ತೆ. ಗೆನೆಮಿಗುಂಗ್, ಆ ಪರ್ಮಿಟ್ಟೇ, ವಾಪಸ್ ತಗೊಳ್ತಾರೆ."

"ಶಾದಿಮಹಲ್ ಅಲ್ಲ ಕಣೇ, ಕಲ್ಯಾಣ ಮಂಟಪ," ಎಂದರು ದ್ವಾರಕನಾಥರು ದುರ್ಬಲವಾಗಿ.

"ನಮ್ಮ ಮದುವೆಯಲ್ಲೇ ನಮ್ಮಪ್ಪ ಹೇಳಿದ್ರು," ಎಂದರು ಜಲಜಮ್ಮ, ಮೊಸರು ಕಲಸುತ್ತ. "ಹುಡುಗ ಒಳ್ಳೆಯವನು, ಕೈ ಮಾತ್ರ ಬಿಗಿ ಅಂತ. ನೀವು ಮದುಮಗನಾಗಿ ಕೂತ್ಕೊಂಡೂ ಪಂಕ್ತಿಯ ಕೊನೇನೇ ನೋಡ್ತಿದ್ರಿ. ಹೋಳಿಗೆ ಸಾಲಲ್ಲ ಅಂತ ನನ್ನ ಕಿವಿಯಲ್ಲಿ ಹೇಳಿದ್ರಿ. ಅದೇ ನೀವು ನನಗೆ ಆಡಿದ ಮೊದಲನೇ ಮಾತು."

"ಸಾಲಲಿಲ್ಲ ತಾನೇ?"

"ಸಾಲಲಿಲ್ಲ. ಏಳು ಜನಕ್ಕೆ."

"ನಾನು ಏಳೇ ಅಂದಿದ್ದೆ."

ರಚನಾ ತುತ್ತು ಎತ್ತಿದ ಕೈಯನ್ನು ಹಾಗೇ ತಡೆದಳು. "ಒಂದ್ನಿಮಿಷ. ಎಷ್ಟು ಜನಕ್ಕೆ ಸಾಲಲ್ಲ ಅಂತ ನಿಮಗೆ ಮೊದ್ಲೇ ಹೇಗೆ ಗೊತ್ತಾಗುತ್ತೆ?"

"ಅದರಲ್ಲೇನಿದೆ? ನೋಡಿದ್ರೆ ಗೊತ್ತಾಗುತ್ತೆ," ಎಂದರು ಅವರು. ಅವಳು ಎದ್ದು ಹೋಗಿ ಅರ್ಲ್‌ಗೆ ಫೋನ್ ಮಾಡಿದಳು.

ಅರ್ಲ್‌ನ ಊರಿನಲ್ಲಿ ಇನ್ನೂ ಒಂದು ಪದ್ಧತಿ ಇತ್ತಂತೆ. ಮಾಂಸ ಯಾರವರೆಗೆ ಸಾಲುತ್ತದೆಂದು ಅಂದಾಜು ಮಾಡಿ, ಆ ಕೊನೆಯ ಗಿರಾಕಿಯ ಕೈಗೆ ಒಂದು ಹಲಗೆ ಕೊಡುವುದು. ಅವರ ಹಿಂದೆ ನಿಲ್ಲುವವರು ಸುಮ್ಮನೆ ಕಾಯದೆ ಮನೆಗೆ ಹೋಗಬಹುದು. ಅರ್ಲ್‌ಗೆ ಅಷ್ಟು ದೂರ ನಡೆಯಲು ಕಾಲಿಲ್ಲ, ರಚನಾಳಿಗೆ ಅಂದಾಜಿಲ್ಲ. ಪ್ರೊಫೆಸರ್ ಒಂದು ಸಲ ಮಾಡಿ ತೋರಿಸಲಿ; ತಪ್ಪಿದರೆ ಮನೆಯಲ್ಲೇ ಇರಲಿ, ಎಂದ ಅರ್ಲ್.

ಶನಿವಾರ ದ್ವಾರಕನಾಥರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಟ್ರಕ್ಕಿನಿಂದ ಕೆಳಗಿಳಿದರು. ಒಳಗೆ ರಚನಾ ಪ್ರತಿ ತಟ್ಟೆಯನ್ನೂ ತಕ್ಕಡಿಗಿಡುತ್ತಿದ್ದಳು. ಅವರು ಟ್ರೇಯೊಳಗೊಮ್ಮೆ ನೋಡಿದರು, ಸಾಲಿನತ್ತ ಒಮ್ಮೆ ನೋಡಿದರು. ಹಲಗೆ ಹಿಡಿದು ಸಾಲಿನ ಉದ್ದಕ್ಕೂ ನಡೆದರು. ಕೆಂಪು ಟೋಪಿಯ ಒಬ್ಬ ವಿದ್ಯಾರ್ಥಿಯ ಹತ್ತಿರ ಕಾಲು ತಾನಾಗಿ ನಿಂತಿತು. ಹಲಗೆಯನ್ನು ಅವನ ಕೈಗೆ ಕೊಟ್ಟು ಹಿಂದೆ ತಿರುಗಿದರೆ, ಕೈಚೀಲ ಹಿಡಿದು ನಿಂತಿದ್ದವಳು ಫ್ರಾವ್ ಕೆಸ್ಲರ್. ಅವಳ ಹಿಂದೆ ಸೈಕಲ್ ಹಿಡಿದ ಒಬ್ಬ ದಪ್ಪ ಮನುಷ್ಯ.

ಜೀವಮಾನದಲ್ಲಿ ಆಡದ 'ಮುಗಿಯಿತು' ಎಂಬ ಮಾತನ್ನು ಆಡುವ ಹೊತ್ತು ಬಂದಿತ್ತು. ಕನ್ನಡದಲ್ಲಾಗಿದ್ದರೆ ನಾಲಿಗೆ ಏಳುತ್ತಲೇ ಇರಲಿಲ್ಲ. ಜರ್ಮನ್ ಭಾಷೆ ಅವರ ತಾಯಿಗೆ ಬರುತ್ತಿರಲಿಲ್ಲ ಎಂಬ ಧೈರ್ಯದ ಮೇಲೆ, ಕಣ್ಣು ನೆಲಕ್ಕೆ ಹಾಕಿ, "ಔಸ್‌ಫೆರ್‌ಕೌಫ್ಟ್. ಕ್ಷಮಿಸಿ," ಎಂದರು.

ಸೈಕಲ್ಲಿನವನು "ಶಾಡೆ" ಎಂದ. ಛೇ ಎನ್ನುವಷ್ಟೇ ಅದರ ಅರ್ಥ. ಸೈಕಲ್ ತಿರುಗಿಸಿ ಎದುರಿನ ಸಾಸೇಜ್ ಅಂಗಡಿಯ ಸಾಲಿಗೆ ಸೇರಿದ. ಅಷ್ಟೆ. ಆಕಾಶ ಬೀಳಲಿಲ್ಲ, ಯಾರೂ ಶಪಿಸಲಿಲ್ಲ, ಅವನ ಮುಖ ಕೂಡ ಬಾಡಲಿಲ್ಲ. ಇಷ್ಟು ವರ್ಷ ಈ ಒಂದು ಮಾತನ್ನು ತಪ್ಪಿಸಲು ಪಟ್ಟ ಪಾಡೆಲ್ಲ ಇಷ್ಟಕ್ಕೇನಾ ಎಂದು ದ್ವಾರಕನಾಥರಿಗೆ ಅವಮಾನವೇ ಆಯಿತು.

ಫ್ರಾವ್ ಕೆಸ್ಲರ್ ಮಾತ್ರ ಹೋಗಲಿಲ್ಲ. "ಖಚಿತವಾಗಿಯೂ?" ಎಂದಳು.

"ಖಚಿತ."

"ಹಾಗಾದರೆ ನೋಡುತ್ತೇನೆ," ಎಂದು ಪಕ್ಕದ ಬೆಂಚಿನ ಮೇಲೆ ಕುಳಿತಳು, ಪರೀಕ್ಷೆಯ ಕೊಠಡಿಯ ಮೇಲ್ವಿಚಾರಕಿಯ ಹಾಗೆ.

ಸಾಲು ಕರಗಿತು. ಕೆಂಪು ಟೋಪಿಯವನು ಕಿಟಕಿ ತಲುಪಿದ. ರಚನಾ ತೂಗಿ ಹಾಕಿದಳು. ಒಂದು ಗುಲಗಂಜಿಯಷ್ಟೂ ಕಡಿಮೆಯಿಲ್ಲ. ಅರ್ಲ್ ಖಾಲಿ ಟ್ರೇಯನ್ನು ಎತ್ತಲು ಹೋದ. ಟ್ರೇ ಖಾಲಿಯಾಗಿರಲಿಲ್ಲ. ಮೂಲೆಯಲ್ಲಿ ಒಂದು ತುಂಡು ಉಳಿದಿತ್ತು. ತಕ್ಕಡಿಗಿಟ್ಟರು. ಸರಿಯಾಗಿ ಒಂದು ತಟ್ಟೆಯ ಪಾಲು.

ದ್ವಾರಕನಾಥರು ಆ ತುಂಡಿನ ಗುರುತು ಹಿಡಿದರು. ಪಾತ್ರೆಯ ತಳದ ಆ ಕೊನೆಯ ಸೌಟು! ಇಕ್ಕಳ ಕಿತ್ತುಕೊಂಡರೂ, ತಕ್ಕಡಿ ಕಾವಲಿಟ್ಟರೂ, ಸುಶೀಲಮ್ಮನ ಮಗ ಲೆಕ್ಕದೊಳಗೇ ಒಂದು ಪಾಲನ್ನು ಬಚ್ಚಿಟ್ಟಿದ್ದ. ಅದೂ ಎದುರಿಗೆ ನಿಂತಿದ್ದವಳಿಗೆ ಇಲ್ಲವೆಂದು ಹೇಳಿ, ಇನ್ನೂ ಬಾರದೇ ಇದ್ದ ಯಾರಿಗೋ.

ಅವರು ಬೆಂಚಿನ ಬಳಿ ಹೋಗಿ, "ನನ್ನ ಲೆಕ್ಕ ತಪ್ಪಿತು. ನಿಮಗೆ ಇದೆ," ಎಂದರು.

ಫ್ರಾವ್ ಕೆಸ್ಲರ್ ಎದ್ದು ಬಂದು, ತನ್ನ ತಕ್ಕಡಿ ತೆಗೆದು, ತೂಗಿ, "ಶ್ಟಿಮ್ಟ್," ಎಂದಳು. ಸರಿಯಾಗಿದೆ ಎಂದು. ಹಣ ಕೊಟ್ಟು, ತಟ್ಟೆ ಹಿಡಿದು ಟ್ರಾಮ್ ನಿಲ್ದಾಣದ ಕಡೆ ನಡೆದಳು.

ಅರ್ಲ್ ಖಾಲಿ ಟ್ರೇ ಬೋರಲು ಹಾಕಿ, ಎಷ್ಟೋ ಶನಿವಾರಗಳಿಂದ ಕಾದಿದ್ದ ತನ್ನ ದೊಡ್ಡ ಹಲಗೆಯನ್ನು ಕಿಟಕಿಗೆ ನೇತುಹಾಕಿದ. ಬಿಸಿಲು ಇನ್ನೂ ನೆತ್ತಿಯ ಮೇಲಿತ್ತು. ಅವನ ಮುಖ ಮದುವೆ ಮಾಡಿ ಮುಗಿಸಿದ ಹೆಣ್ಣಿನ ತಂದೆಯ ಮುಖದಂತಾಗಿತ್ತು.

"ಒಬ್ಬರಿಗೆ ತಪ್ಪಿದ್ರಿ, ಪ್ರೊಫೆಸರ್."

"ಹೌದು. ಇನ್ನು ಬರೋದಿಲ್ಲ ಬಿಡಿ."

"ಯಾರು ಹೇಳಿದ್ದು? ಅಳತೆ ಸರಿ ಇದೆ, ಮನಸ್ಸು ಒಂದು ಹೆಜ್ಜೆ ಮೊದಲೇ ನಿಲ್ಲಿಸುತ್ತೆ. ಮುಂದಿನ ವಾರ ಅದು ಎಲ್ಲಿ ನಿಲ್ಲು ಅನ್ನುತ್ತೋ, ಅಲ್ಲಿಂದ ಒಬ್ಬರನ್ನ ದಾಟಿ ಹಲಗೆ ಕೊಡಿ. ಕಿಟಕಿ ಮಾತ್ರ ಕೇಳಬೇಡಿ."

ಹೀಗೆ ದ್ವಾರಕನಾಥರು ಕಿಟಕಿ ಕಳೆದುಕೊಂಡು ಸಾಲಿನ ಬಾಲದಲ್ಲಿ ಉದ್ಯೋಗ ಪಡೆದರು. ಅಲ್ಲಿ ಚಳಿ ಹೆಚ್ಚು, ಮೇಲೆ ಮಾಡು ಇಲ್ಲ, ಆದರೆ ಪ್ರಶ್ನೆಗಳಿಗೆ ಬರವಿಲ್ಲ: ನನಗೆ ಸಿಗುತ್ತಾ, ಇನ್ನೆಷ್ಟು ಜನ, ಮುಂದಿನ ವಾರ ಎಷ್ಟು ಹೊತ್ತಿಗೆ ಬರಲಿ. ಈ ಪ್ರಶ್ನೆಗಳಿಗೆ ಅವರಿಗೆ ಉತ್ತರ ನಿಜವಾಗಿಯೂ ಗೊತ್ತು.

ಆ ಸಂಜೆ ಅಣ್ಣನ ಫೋನ್ ಬಂತು. ಕೇಟರಿಂಗ್ ಕೆಲಸ ಹೇಗೆ ನಡೆದಿದೆ ಎಂದು ಕೇಳಿದ.

"ಬಡ್ತಿ ಸಿಕ್ಕಿತು," ಎಂದರು ದ್ವಾರಕನಾಥರು. "ಈಗ ಹೊರಗಿನ ವಿಭಾಗ ನನ್ನದು."

"ಬೀದಿ ಅನ್ನಿ," ಎಂದರು ಜಲಜಮ್ಮ, ಫೋನಿಗೆ ಕೇಳಿಸುವಷ್ಟು ಗಟ್ಟಿಯಾಗಿ.