ಒಪ್ಪಿಗೆಯ ಜರ್ಮನ್

ಕೆಳಗಿನ ಮಹಡಿಯ ನರ್ಸ್ ಜರ್ಮನ್ ಮೌಖಿಕ ಪರೀಕ್ಷೆಯಲ್ಲಿ ಫೇಲಾದದ್ದು ನನ್ನಿಂದ ಎಂದು ತಿಳಿದ ಮೇಲೆ ದುಬೈನ ಅಲ್ ಕುಸೈಸಿನಲ್ಲಿರುವ ಮಗಳ ಫ್ಲ್ಯಾಟಿನಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಲ್ಕನಿಯಿಂದ ಲಿಫ್ಟಿಗೆ, ಲಿಫ್ಟಿನಿಂದ ಬಾಲ್ಕನಿಗೆ.

ಆಕೆ ಉಡುಪಿ ಕಡೆಯ ಕೊಂಕಣಿ ಹುಡುಗಿ. ಜರ್ಮನಿಯ ಆಸ್ಪತ್ರೆ ಸೇರಲು ಈ ಪರೀಕ್ಷೆಯೊಂದೇ ಬಾಕಿ. ಪೂರ್ವ ಜರ್ಮನಿಯಲ್ಲಿ ನಾಲ್ಕು ವರ್ಷ ಸಾಹಿತ್ಯ ಓದಿದ್ದ ನಾನು ಗುರು. ದಕ್ಷಿಣೆ ಶುಕ್ರವಾರದ ಮೀನು ಗಸಿ.

"ಹೇಗಾಯ್ತಮ್ಮ?" ಎಂದಿದ್ದೆ.

"ಎಂತ ಆಗುದು ಸರ್? ಅಬುಧಾಬಿಯಲ್ಲಿ ಇಬ್ಬರನ್ನು ಕೂರಿಸಿ ಚರ್ಚೆ ಮಾಡಿ ಅಂದ್ರು. ಎದುರಿನವಳು, ವಾರ್ಡಿಗೆ ರೋಗಿಯ ಮನೆಯವರನ್ನು ಬಿಡ್ಲೇಬಾರ್ದು ಅಂದ್ಲು. ನಾನು ಸರಿ ಅಂದೆ. ಎರಡು ನಿಮಿಷಕ್ಕೆ ಖಲಾಸ್. ನನಗೆ ಅಭಿಪ್ರಾಯವೇ ಇಲ್ಲ ಅಂತ ಮಾರ್ಕ್ ಕಟ್."

"ನಿಜಕ್ಕೂ ಏನನ್ನಿಸಿತ್ತು?"

"ಅವಳಿಗೆ ಹುಚ್ಚು ಅಂತ. ಆದ್ರೆ ಪರೀಕ್ಷೆಯಲ್ಲಿ ಎದುರು ಮಾತಾಡ್ಬಾರ್ದು ಅಂದದ್ದು ನೀವೇ ಅಲ್ವಾ?"

ಅಂದಿದ್ದೆ, ಅದೂ ಶಾಸ್ತ್ರೋಕ್ತವಾಗಿ. ಪೂರ್ವ ಜರ್ಮನಿಯ ಮೌಖಿಕ ಪರೀಕ್ಷೆಗಳಲ್ಲಿ ಯಾವ ಕಾದಂಬರಿ ಮುಂದಿಟ್ಟರೂ ನಾಯಕ ಕಾರ್ಮಿಕ ವರ್ಗದತ್ತ ನಡೆದಿದ್ದಾನೆ ಎಂದು ನಾನು ಒಪ್ಪುತ್ತಿದ್ದೆ. ಎರಡನೇ ಅಧ್ಯಾಯದಲ್ಲೇ ಸತ್ತಿದ್ದರೂ ನಡೆದಿರುತ್ತಿದ್ದ. ಕೊನೆಯ ಪರೀಕ್ಷೆಯ ನಂತರ ಪ್ರೊಫೆಸರರು ಕಾರಿಡಾರಿನಲ್ಲಿ ದನಿ ತಗ್ಗಿಸಿ, ಪಠ್ಯವಾಗಿದ್ದ, ಟ್ರ್ಯಾಕ್ಟರ್ ಓಡಿಸುವ ವಿಧವೆಯೊಬ್ಬಳ ಕಾದಂಬರಿ ನನಗೆ ನಿಜವಾಗಿ ಹಿಡಿಸಿತೇ ಎಂದು ಕೇಳಿದರು. ಓದಿದಾಗ ಆ ಕಾದಂಬರಿ ನನ್ನನ್ನು ವಾರಗಟ್ಟಲೆ ಕಾಡಿತ್ತು. ನಾನು ಬಾಗಿಲತ್ತ ನೋಡಿ, "ತಾವು ಹೇಳಿದಂತೆಯೇ" ಎಂದೆ. ಅವರು ಕೋಟಿನ ಗುಂಡಿ ಹಾಕಿಕೊಂಡು ಹೊರಟುಹೋದರು.

ಮರುಪರೀಕ್ಷೆಗೆ ಆರು ವಾರವಿತ್ತು. ನಾನೇ ಎದುರುಪಕ್ಷವಾದೆ.

"ನಿಮ್ಮ ವಯಸ್ಸಿಗೆ ಇಲ್ಲ ಅನ್ಲಿಕ್ಕೆ ನಾಲಗೆ ಏಳುದಿಲ್ಲ ಸರ್."

ಹಾಗಾದರೆ ಪುಸ್ತಕಕ್ಕೆ ಇಲ್ಲ ಅನ್ನು ಎಂದು ಟ್ರ್ಯಾಕ್ಟರ್ ವಿಧವೆಯ ಅದೇ ಕಾದಂಬರಿಯನ್ನು ಕೊಟ್ಟೆ. ಮುಂದಿನ ಶುಕ್ರವಾರ ಗಂಟಲು ಸರಿಪಡಿಸಿಕೊಂಡು, ಇದು ಶ್ರೇಷ್ಠ ಕೃತಿ ಎಂದು ಜರ್ಮನಿನಲ್ಲಿ ಘೋಷಿಸಿದೆ. ಆಕೆ ತಡವರಿಸುತ್ತ ಜರ್ಮನಿನಲ್ಲೇ ಹೇಳಿದಳು: "ಇಲ್ಲ. ಗಂಡ ಸತ್ತವಳಿಗೆ ಅಳಲೂ ಬಿಡದೆ ಟ್ರ್ಯಾಕ್ಟರ್ ಕೊಡುತ್ತಾರೆ. ವಾರ್ಡಿನಲ್ಲಿ ಅಂಥವರನ್ನು ನಾನು ಕಂಡಿದ್ದೇನೆ. ಬರೆದವನು ಕಂಡಿಲ್ಲ."

"ಸರಿ," ಎಂದುಬಿಟ್ಟೆ.

"ನೀವು ಒಪ್ಪಿದ್ರೆ ಹೇಗೆ ಮಾರಾಯ್ರೆ? ಮಾರ್ಕ್ ಹೋಗ್ತದೆ."

ಎದ್ದು ಬಾಲ್ಕನಿಗೆ ಹೋದೆ, ಬಂದೆ. ಆಮೇಲೆ ಜರ್ಮನಿನಲ್ಲಿ ಹೇಳಿದೆ: ಒಂದು ಪುಟದಲ್ಲಿ ಅವಳು ಹೊಲದ ನಡುವೆ ಸುಮ್ಮನೆ ಟ್ರ್ಯಾಕ್ಟರ್ ನಿಲ್ಲಿಸುತ್ತಾಳೆ, ಯಾಕೆಂದು ಯಾರೂ ಕೇಳುವುದಿಲ್ಲ, ಅದೇ ಅವಳ ಅಳು. ನನಗೆ ಹಿಡಿಸಿದ್ದು ಆ ಪುಟ. ಅಂದು ಕಾರಿಡಾರಿನಲ್ಲಿ ಪ್ರೊಫೆಸರರಿಗೆ ಹೇಳಬೇಕಿದ್ದ ಮಾತು, ವ್ಯಾಕರಣವೆಲ್ಲ ತಪ್ಪಿತ್ತು.

"ಇಂಜಿನ್ ಬಿಸಿಯಾಗಿರ್ಬೇಕು," ಎಂದಳು.

ಎರಡನೇ ಸಲ ಅವಳು ಪಾಸಾದಳು. ಆ ಪುಟದ ವಿಷಯದಲ್ಲಿ ಮಾತ್ರ, ವಿಮಾನ ಹತ್ತುವ ದಿನವೂ ನನ್ನನ್ನು ಒಪ್ಪಲಿಲ್ಲ.