ನಿಂತ ಗೀಟು, ಓರೆ ಗೀಟು, ಅಲ್ಪವಿರಾಮ

ಕೊಡಬಾರದೆಂದು ದಾಖಲೆಯಲ್ಲಿ ಬರೆದಿದ್ದ ಔಷಧವನ್ನೇ ಒಬ್ಬ ಬಡಗಿಗೆ ಚುಚ್ಚಿದರು. ಹನ್ನೊಂದು ದಿನ ಆತ ಉಸಿರಾಟದ ಯಂತ್ರದಲ್ಲಿದ್ದ.

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರಡಿ ಕೂತವರನ್ನು ನರ್ಸ್‌ಗಳು 'ಕತ್ತರಿ ಅಕ್ಕ' ಎನ್ನುತ್ತಾರೆ. ಹತ್ತೊಂಬತ್ತು ವರ್ಷ ಕಳೆದರೂ ಗುತ್ತಿಗೆ ನೌಕರಿಯೇ. ರೋಗಿಗಳಿಗೆ ಒಗ್ಗದ ಔಷಧಗಳ ಸಾಲನ್ನು ಬಿಡಿಬಿಡಿಯಾಗಿ ಕತ್ತರಿಸಿ ಕಂಪ್ಯೂಟರಿಗೆ ಉಣಿಸುವುದು ಇವರ ಕೆಲಸ. ದಿನಕ್ಕೆ ಒಂಬೈನೂರು ಸಾಲು.

"ಮಕ್ಕಳ ವಾರ್ಡ್‌ನವರು ಒಂದೊಂದು ಔಷಧ ಆದ್ಮೇಲೆ ಅರ್ಧವಿರಾಮ ಹಾಕ್ತಾರೆ. ಆಪರೇಷನ್ ವಾರ್ಡ್‌ದು ಓರೆ ಗೀಟು. ತುರ್ತು ವಿಭಾಗದವರಿಗೆ ಪುರುಸೊತ್ತೆಲ್ಲಿ, ನಿಂತ ಗೀಟು ಒತ್ತಿ ಓಡ್ತಾರೆ. ಗುರುತು ನೋಡಿದ್ರೆ ಯಾವ ವಾರ್ಡು ಅಂತ ಹೇಳ್ಬಿಡ್ತೀನಿ."

ಸಾಲುಗಳನ್ನು ತಾನೇ ಕತ್ತರಿಸುವ ಹೊಸ ತಂತ್ರಾಂಶ ತಂದ ಮಹಾಶಯರಿಗೆ ಗೊತ್ತಿದ್ದುದು ಅಲ್ಪವಿರಾಮ ಒಂದೇ. ಬೇರೆ ಗುರುತಿದ್ದ ಕಡೆ ಅದು ಹಲವು ಔಷಧಗಳನ್ನು ಒಂದೇ ಹೆಸರೆಂದು ನುಂಗಿತು. ಅಂಥ ಹೆಸರಿನ ಔಷಧ ಲೋಕದಲ್ಲೇ ಇಲ್ಲ; ಎಚ್ಚರಿಕೆಯ ಗಂಟೆಯೂ ಬಡಿಯಲಿಲ್ಲ. ಬಡಗಿಯದು ತುರ್ತು ವಿಭಾಗದ ಸಾಲು: ಮೂರು ಔಷಧ, ನಡುವೆ ನಿಂತ ಗೀಟು.

ಅವಘಡಕ್ಕೆ ಮೂರು ತಿಂಗಳ ಮೊದಲೇ ಅಕ್ಕ ಇದನ್ನು ಆಡಳಿತಕ್ಕೆ ಬರೆದುಕೊಟ್ಟಿದ್ದರು. ಬಂದ ಉತ್ತರ: "ನೀವು ಟೈಪ್ ಮಾಡೋರು, ಟೈಪ್ ಮಾಡಿ."

ಟೈಪ್ ಮಾಡುವವರಂತೆ. ಮಗಳ ಕಾಲೇಜಿನ ಪ್ರೋಗ್ರಾಮಿಂಗ್ ಪುಸ್ತಕಗಳನ್ನು ಕದ್ದು ಓದಿ ಕಂಪ್ಯೂಟರ್ ಭಾಷೆಗಳನ್ನು ಕಲಿತ ಈ ಹೆಂಗಸಿನ ಮಾತು ಕೇಳಿ: "ಪೈಥಾನ್‌ನಲ್ಲಿ ಸಾಲು ಕತ್ತರಿಸೋ ಸಾದಾ ಸ್ಪ್ಲಿಟ್‌ಗೆ ಒಂದೇ ಗುರುತು ಹೇಳ್ಬಹುದು; ಹಲವು ಬೇಕಂದ್ರೆ ಯಾವ್ಯಾವ ಗುರುತು ಅಂತ ಒಂದು ಮಾದರಿ ಬರೆದುಕೊಡ್ಬೇಕು. ಸಿ ಶಾರ್ಪ್ ಒಳ್ಳೇದು, ಗುರುತುಗಳ ಪಟ್ಟಿ ಕೊಟ್ರೆ ಸಾಕು. ಜಾವಾಗೆ ನಿಂತ ಗೀಟನ್ನ ಹಾಗೇ ಕೊಟ್ಟು ನೋಡಿ, ಅಕ್ಷರ ಅಕ್ಷರ ಕೊಚ್ಚಿ ಗುಡ್ಡೆ ಹಾಕುತ್ತೆ. ಅಡ್ಡಗೀಟು ಇರೋ ಕಡೆ ಮಾತ್ರ ಕತ್ತರಿಸಬಾರದು, ಕೆಲವು ಔಷಧದ ಹೆಸರಲ್ಲೇ ಅದಿದೆ."

ಮನೆಯಲ್ಲಿ ಅತ್ತೆ ಕೆಣಕುತ್ತಾರಂತೆ: "ಇಷ್ಟು ವರ್ಷ ಗೀಟು ಎಣಿಸಿದ್ದಕ್ಕೆ ಬೆನ್ನಿರೋ ಕುರ್ಚಿನಾದ್ರೂ ಕೊಟ್ರೇನೇ?" ಕೊಟ್ಟಿಲ್ಲ. ಅಕ್ಕ ಕೂತಿರುವುದು ಸ್ಟೂಲಿನ ಮೇಲೆ. ತಂತ್ರಾಂಶ ತಂದವರ ಪ್ರಶಸ್ತಿ ಫಲಕ ಮಾತ್ರ ಮೇಲಿನ ಮಹಡಿಯ ಗೋಡೆಯಲ್ಲಿ ಹೊಳೆಯುತ್ತಿದೆ.

ಎಂಟಕ್ಕೆ ಆಡಳಿತಾಧಿಕಾರಿ ಮೆಟ್ಟಿಲಿಳಿದು ಬರುತ್ತಾರೆ. ಕೈಯಲ್ಲಿ ಒಂದು ಹಾಳೆ: 'ಅವಘಡಕ್ಕೆ ಕಾರಣ, ನರ್ಸ್ ತಪ್ಪಾಗಿ ದಾಖಲಿಸಿದ್ದು.' ಕೆಳಗೆ, ದಾಖಲೆ ನೋಡಿಕೊಳ್ಳುವವರೆಂದು, ಅಕ್ಕನ ಸಹಿಗೆ ಜಾಗ. ಸಹಿ ಬಿದ್ದರೆ ಆ ನರ್ಸ್ ಇವತ್ತೇ ಮನೆಗೆ.

"ಹಾಕಮ್ಮ. ಈ ತಿಂಗಳು ನಿನ್ನ ಗುತ್ತಿಗೆ ಮುಗಿಯುತ್ತೆ, ನೆನಪಿದೆಯಲ್ಲ?"

ಅಕ್ಕ ಹಾಳೆಯನ್ನು ಎರಡು ಸಲ ಓದಿ, ಅವರ ಕೈಗೇ ಕೊಡುತ್ತಾರೆ.

"ನೆನಪಿದೆ ಸರ್. ಆ ಹುಡುಗಿ ಮೂರೂ ಹೆಸರು ಸರಿಯಾಗೇ ಬರೆದಿದ್ಲು. ಓದೋಕೆ ಬರದೇ ಇದ್ದಿದ್ದು ನಿಮ್ಮ ಯಂತ್ರಕ್ಕೆ. ನಾನು ಹಾಕಲ್ಲ."